ಪಕ್ಕದ ಬೀದಿಯ ಪುಟ್ಟ ಮಕ್ಕಳಿಗೆ ತಿಂಗಳಿಡೀ ಊಟ: ಅಮೆರಿಕದ ಹಿಸ್ಪಾನಿಕ್ ಕುಟುಂಬಗಳಿಗೆ ನೆರವಾಗಲು ಒಂದು ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಬೇಸಿಗೆಯಿಡೀ ಲೆಟಿಸ್ ಸೊಪ್ಪಿನ ಕೊಯ್ಲು. ಅಮೆರಿಕದ ಸಲಾಡ್ ತಟ್ಟೆಗಳಿಗೆ ಹೋಗುವ ಸೊಪ್ಪಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಕೊಯ್ಯುವವರಲ್ಲಿ ಹೆಚ್ಚಿನವರು ಮೆಕ್ಸಿಕೋದಿಂದ ಬಂದ ಕುಟುಂಬದವರು. ನವೆಂಬರ್ ಬಂತೆಂದರೆ ಈ ಕೆಲಸ ಅರಿಜೋನಾದ ಯೂಮಾ ಕಡೆಗೆ ಹೊರಟುಹೋಗುತ್ತದೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಲಾಗದವರು ಅಲ್ಲೇ ಉಳಿಯುತ್ತಾರೆ. ಕೂಲಿ ನಿಲ್ಲುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಕೊನೆಗೆ ಕತ್ತರಿ ಬೀಳುವುದು ಊಟಕ್ಕೆ.

ಇದು ಹೊಲದ ಕೆಲಸದವರ ಕಥೆ ಮಾತ್ರವಲ್ಲ. ಅಮೆರಿಕದ ಕೃಷಿ ಇಲಾಖೆಯ 2023ರ ಲೆಕ್ಕದ ಪ್ರಕಾರ ದೇಶದ 13.5 ಶೇಕಡಾ ಮನೆಗಳಲ್ಲಿ ಊಟಕ್ಕೆ ಭದ್ರತೆ ಇರಲಿಲ್ಲ. ಹಿಸ್ಪಾನಿಕ್ ಮನೆಗಳಲ್ಲಿ, ಅಂದರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರ ಮನೆಗಳಲ್ಲಿ, ಅದು 21.9 ಶೇಕಡಾ. ಅಂದರೆ ಐದರಲ್ಲಿ ಒಂದು ಮನೆಗಿಂತ ಜಾಸ್ತಿ. ಡಲ್ಲಾಸ್, ಹ್ಯೂಸ್ಟನ್, ಬೇ ಏರಿಯಾ, ನ್ಯೂಜೆರ್ಸಿ, ಹೀಗೆ ಕನ್ನಡಿಗರು ಇರುವ ಕಡೆಯೆಲ್ಲ ಈ ಕುಟುಂಬಗಳೂ ಇವೆ. ನಮ್ಮ ಹುಲ್ಲುಹಾಸು ಕತ್ತರಿಸುವವರು, ಆಫೀಸು ಗುಡಿಸುವವರು, ಹೋಟೆಲಿನ ಅಡುಗೆಮನೆಯಲ್ಲಿ ನಿಂತವರು ಎಷ್ಟೋ ಜನ ಇವರೇ.

ಕನ್ನಡ ಕೂಟಗಳು ಹಬ್ಬದ ಸಮಯದಲ್ಲಿ ಡಬ್ಬಿ ಆಹಾರ ಸಂಗ್ರಹಿಸಿ, ಇಲ್ಲದವರಿಗೆ ಹಂಚುವ ಫುಡ್ ಬ್ಯಾಂಕಿಗೆ ಕೊಡುತ್ತವೆ. ಒಳ್ಳೆಯ ಕೆಲಸ, ನಿಲ್ಲಿಸಬೇಡಿ. ಆದರೆ ಎರಡು ವರ್ಷದ ಮಗುವಿಗೆ ಬೇಕಾದದ್ದು ಪ್ರತಿ ತಿಂಗಳೂ ತಪ್ಪದೆ ಬರುವ ಹಾಲು, ಮೊಟ್ಟೆ, ಕಾಳು, ಹಣ್ಣು. ಅಷ್ಟನ್ನು ಕೊಡುವ ಸರ್ಕಾರಿ ಯೋಜನೆಗಳು ಈಗಾಗಲೇ ಇವೆ. ಅರ್ಹತೆ ಇದ್ದರೂ ಎಷ್ಟೋ ಮನೆಯವರು ಅದರ ಹತ್ತಿರ ಸುಳಿಯುವುದಿಲ್ಲ. ಭಯ, ಭಾಷೆ, ಅರ್ಜಿ ಫಾರಮ್ಮಿನ ಗೋಜಲು, ಕೆಲಸ ಬಿಟ್ಟು ಆಫೀಸಿಗೆ ಹೋಗಲಾಗದ ಕಷ್ಟ. ಜೊತೆಗೆ ಬರುವ ಒಬ್ಬ ನಂಬಿಕಸ್ಥ ಮನುಷ್ಯ ಇದ್ದರೆ ಇದರಲ್ಲಿ ಬಹಳಷ್ಟು ಸಲೀಸಾಗುತ್ತದೆ. ಆ ಜೊತೆಗಾರರು ನೀವಾಗಬಹುದು. ಹೇಗೆ ಅಂತ ಹೇಳುತ್ತೇನೆ.

ಹೆಜ್ಜೆ 1: ಈಗಾಗಲೇ ನಂಬಿಕೆ ಗಳಿಸಿದವರ ಜೊತೆ ಸೇರಿ

ನೇರವಾಗಿ ಬಾಗಿಲು ತಟ್ಟಲು ಹೋಗಬೇಡಿ. ಪರಿಚಯವಿಲ್ಲದವರು ಫೈಲು ಹಿಡಿದು ಮನೆ ಮುಂದೆ ನಿಂತರೆ ಈ ದಿನಗಳಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ತೆಗೆಯಬೇಕಾಗಿಯೂ ಇಲ್ಲ.

ಬಹುತೇಕ ಊರುಗಳಲ್ಲಿ ‘ಪ್ರೊಮೊತೋರಾ’ ಎಂದು ಕರೆಸಿಕೊಳ್ಳುವ ಹೆಂಗಸರಿರುತ್ತಾರೆ. ಅದೇ ಸಮುದಾಯದವರು. ಆರೋಗ್ಯ, ಮಕ್ಕಳ ಆಹಾರ, ಲಸಿಕೆ ಬಗ್ಗೆ ಮನೆಮನೆಗೆ ಹೋಗಿ ತಿಳಿಸುವವರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೋಡಿದವರಿಗೆ ಇವರ ಕೆಲಸ ಥಟ್ಟನೆ ಅರ್ಥವಾಗುತ್ತದೆ. ಅವರು ಸಿಗುವುದು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಸ್ಪ್ಯಾನಿಷ್ ಪ್ರಾರ್ಥನೆ ನಡೆಯುವ ಚರ್ಚುಗಳಲ್ಲಿ. ಎಷ್ಟೋ ಶಾಲೆಗಳಲ್ಲಿ ಪೋಷಕರ ಜೊತೆ ಮಾತಾಡಲೆಂದೇ ಒಬ್ಬರು ಇರುತ್ತಾರೆ, ಅವರನ್ನೂ ಕೇಳಿ. ಊರಿನ ಫುಡ್ ಬ್ಯಾಂಕಿನಲ್ಲಿ ಸ್ವಯಂಸೇವಕರಾಗಿ ಹೆಸರು ಕೊಟ್ಟರೆ, ಹಲವು ಕಡೆ ಅರ್ಜಿ ತುಂಬಿಸುವ ತರಬೇತಿಯನ್ನೂ ಅವರೇ ಕೊಡುತ್ತಾರೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ 211 ಎಂಬ ಸಹಾಯವಾಣಿಗೆ ಫೋನ್ ಮಾಡಿ. ಉಚಿತವಾಗಿ ದಿನಸಿ ಕೊಡುವ ಹತ್ತಿರದ ಫುಡ್ ಪ್ಯಾಂಟ್ರಿ ಯಾವುದು, ಯಾವ ದಿನ ತೆರೆದಿರುತ್ತದೆ ಎಂದು ಹೇಳುತ್ತಾರೆ. ಸ್ಪ್ಯಾನಿಷ್‌ನಲ್ಲೂ ಮಾತಾಡಬಹುದು.

ಇನ್ನೊಂದು ವಿಷಯ. ಎಲ್ಲರಿಗೂ ಸ್ಪ್ಯಾನಿಷ್ ಬರುತ್ತದೆ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್, ಸಲೀನಾಸ್ ಕಡೆಯ ಹೊಲಗಳಲ್ಲಿ ಮಿಕ್ಸ್ಟೆಕೋ ಎಂಬ ಮೆಕ್ಸಿಕೋದ ಮೂಲನಿವಾಸಿ ಭಾಷೆ ಮಾತಾಡುವವರು ಬಹಳ ಜನ. ಗ್ವಾಟೆಮಾಲಾದಿಂದ ಬಂದವರಲ್ಲಿ ಮಾಮ್, ಕಿಚೆ ಮುಂತಾದ ಮಾಯಾ ಭಾಷೆಗಳು ಮನೆಮಾತು. ಅವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ‘ಇಂಡಿಯಾದವರು ಅಲ್ವಾ, ಹಿಂದಿ ಬರಬೇಕಲ್ಲ’ ಎಂದು ಕೇಳಿಸಿಕೊಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?’ ಎಂದು ಮೊದಲೇ ಕೇಳಿ.

ಹೆಜ್ಜೆ 2: ಕೇಳುವುದನ್ನು ಕಲಿಯಿರಿ

‘ಮನೆಯಲ್ಲಿ ಊಟಕ್ಕೆ ತೊಂದರೆ ಇದೆಯಾ?’ ಎಂದು ನೇರವಾಗಿ ಕೇಳಿದರೆ ‘ಇಲ್ಲ, ಚೆನ್ನಾಗಿದ್ದೇವೆ’ ಎಂಬ ಉತ್ತರವೇ ಬರುತ್ತದೆ. ಯಾವ ತಾಯಿ ತಾನೇ ಹೂಂ ಅಂದಾಳು? ಅಮೆರಿಕದ ಮಕ್ಕಳ ಡಾಕ್ಟರುಗಳು ಇದಕ್ಕೆಂದೇ ಎರಡು ವಾಕ್ಯಗಳನ್ನು ಬಳಸುತ್ತಾರೆ. ‘ಕಳೆದ 12 ತಿಂಗಳಲ್ಲಿ, ಮತ್ತೆ ಕೊಳ್ಳಲು ದುಡ್ಡು ಬರುವ ಮೊದಲೇ ದಿನಸಿ ಮುಗಿದುಹೋಗುತ್ತದೇನೋ ಎಂದು ನಮಗೆ ಚಿಂತೆಯಾಗಿತ್ತು’ ಎಂಬುದು ಮೊದಲನೆಯದು. ‘ಕೊಂಡ ದಿನಸಿ ಸಾಕಾಗಲಿಲ್ಲ, ಮತ್ತೆ ಕೊಳ್ಳಲು ದುಡ್ಡಿರಲಿಲ್ಲ’ ಎಂಬುದು ಎರಡನೆಯದು. ಆಗಾಗ ನಿಜ, ಕೆಲವೊಮ್ಮೆ ನಿಜ, ಯಾವತ್ತೂ ಇಲ್ಲ, ಈ ಮೂರರಲ್ಲಿ ಒಂದು ಉತ್ತರ. ಒಂದಕ್ಕಾದರೂ ಮೊದಲೆರಡರಲ್ಲಿ ಒಂದು ಉತ್ತರ ಬಂದರೆ ಆ ಮನೆಗೆ ನೆರವು ಬೇಕು ಎಂದರ್ಥ. ಎಲ್ಲರಿಗೂ ಕೇಳುವ ಪ್ರಶ್ನೆ ಇದು ಎಂದು ಮೊದಲೇ ಹೇಳಿದರೆ ಮುಜುಗರ ಕಡಿಮೆ.

ಹೆಂಗಸರನ್ನು ‘ಸೆನ್ಯೋರಾ’ ಎಂದು, ‘ಉಸ್ತೇದ್’ ಎಂಬ ಗೌರವದ ರೂಪದಲ್ಲಿ ಮಾತಾಡಿಸಿ. ವಲಸೆ ಕಾಗದದ ವಿಷಯ ಎತ್ತಲೇಬೇಡಿ. ಎಲ್ಲಿ ಹುಟ್ಟಿದ್ದು, ಯಾವಾಗ ಬಂದದ್ದು ಎಂಬುದೂ ಬೇಡ. ನಿಮಗೆ ಅದು ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಎಂಟು ವರ್ಷದ ಮಗನನ್ನು ನಡುವೆ ಕೂರಿಸಿಕೊಂಡು ಅನುವಾದ ಮಾಡಿಸಲೂಬೇಡಿ. ಮಗನ ಬಾಯಿಂದ ತಾಯಿ ತನ್ನ ಮನೆಯ ಕೊರತೆ ಹೇಳಿಸುವುದಿಲ್ಲ.

ಮನೆಯಲ್ಲಿ ಪುಟ್ಟ ಕೂಸಿದ್ದರೆ ಒಂದು ಮಾತು ತಪ್ಪದೆ ಕೇಳಿ: ಫಾರ್ಮುಲಾ ಹಾಲು (ಕೂಸಿನ ಡಬ್ಬಿ ಹಾಲಿನ ಪುಡಿ) ಹೇಗೆ ಕಲಸುತ್ತೀರಿ? ಡಬ್ಬಿ ಇನ್ನಷ್ಟು ದಿನ ಬರಲಿ ಎಂದು ಜಾಸ್ತಿ ನೀರು ಹಾಕುವವರಿದ್ದಾರೆ. ಅದು ಕೂಸಿಗೆ ಅಪಾಯ. ರಕ್ತದಲ್ಲಿ ಉಪ್ಪಿನಂಶ ಇಳಿದು ಫಿಟ್ಸ್ ಬರಬಹುದು. ಬೈಯಬೇಡಿ. ಅವತ್ತೇ ಒಂದು ಡಬ್ಬಿಗೆ ವ್ಯವಸ್ಥೆ ಮಾಡಿ, ಮರುದಿನವೇ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಎಲ್ಲಕ್ಕಿಂತ ಮೊದಲು ವಿಕ್

ನಿಮಗೆ ಒಂದೇ ಕೆಲಸಕ್ಕೆ ಪುರುಸೊತ್ತು ಇದೆ ಎಂದಾದರೆ ಇದನ್ನೇ ಮಾಡಿ. ತಾಯಂದಿರಿಗೆ, ಪುಟ್ಟ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡುವ ಡಬ್ಲ್ಯುಐಸಿ ಎಂಬ ಈ ಸರ್ಕಾರಿ ಯೋಜನೆಯನ್ನು ಎಲ್ಲರೂ ‘ವಿಕ್’ ಎಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಶುರುವಾದದ್ದು. ಬಸುರಿಯರಿಗೆ, ಬಾಣಂತಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮಗುವಿಗೆ ಒಂದು ವರ್ಷ ಆಗುವವರೆಗೆ, ಮಕ್ಕಳಿಗೆ ಐದು ತುಂಬುವವರೆಗೆ ಸಿಗುತ್ತದೆ. ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ 185 ಶೇಕಡಾ ಒಳಗಿರಬೇಕು. ದುಡಿಯುವ ಎಷ್ಟೋ ಕುಟುಂಬಗಳು ಈ ಮಿತಿಯೊಳಗೆ ಬರುತ್ತವೆ. ‘ನಮಗೆ ಕೆಲಸ ಇದೆ, ಕೊಡಲ್ಲ’ ಎಂದು ತಾವೇ ತೀರ್ಮಾನಿಸಿ ಕೂತವರಿಗೆ ಇದನ್ನು ಹೇಳಿ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ನಲ್ಲಿ ಮಗು ಇದ್ದರೆ ಆದಾಯದ ಲೆಕ್ಕ ಇನ್ನೂ ಸುಲಭ, ಆ ಪತ್ರವೇ ಸಾಕು. ಬಹುತೇಕ ಎಲ್ಲ ರಾಜ್ಯಗಳಲ್ಲೂ ವಲಸೆ ಕಾಗದ ಕೇಳುವುದಿಲ್ಲ.

ವಿಕ್ ಕ್ಲಿನಿಕ್ಕಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಡಿ. ಸಂಬಳದ ಚೀಟಿ, ವಿಳಾಸ ತೋರಿಸುವ ಒಂದು ಬಿಲ್ಲು, ಯಾವುದಾದರೂ ಗುರುತಿನ ಚೀಟಿ ಬೇಕು. ಅವರ ದೇಶದ ಪಾಸ್‌ಪೋರ್ಟೂ ಆಗುತ್ತದೆ. ಕೈಗೆ ನಗದು ಕೂಲಿ ಪಡೆಯುವವರ ಹತ್ತಿರ ಚೀಟಿ ಇರುವುದಿಲ್ಲ. ಅದಕ್ಕೂ ದಾರಿಯಿದೆ, ಫೋನಿನಲ್ಲೇ ಕೇಳಿಟ್ಟುಕೊಳ್ಳಿ. ತಾಯಿಗೆ ರಜೆ ಸಿಗದಿದ್ದರೆ ತಂದೆಯೋ ಅಜ್ಜಿಯೋ ಮಗುವನ್ನು ಕರೆದುಕೊಂಡು ಹೋಗಬಹುದೇ ಎಂದೂ ಕೇಳಿ.

ದಿನಸಿ ಕೊಳ್ಳಲು ವಿಕ್‌ನವರು ಕೊಡುವ ಕಾರ್ಡು ಕೈಗೆ ಬಂತು ಎಂದು ಅಲ್ಲಿಗೇ ಬಿಡಬೇಡಿ. ಮೊದಲ ಸಲ ಅಂಗಡಿಗೆ ಹೋಗುವಾಗ ಜೊತೆಗೆ ಹೋಗಿ. ವಿಕ್‌ನಲ್ಲಿ ಹಾಲು, ಮೊಟ್ಟೆ, ಚೀಸ್, ಒಣ ಕಾಳು, ಕಡಲೆಕಾಯಿ ಬೆಣ್ಣೆ, ಕಂದು ಅಕ್ಕಿ, ಮೆಕ್ಕೆಜೋಳದ ಟೋರ್ಟಿಯಾ ಎಂಬ ತೆಳು ರೊಟ್ಟಿ ಎಲ್ಲ ಸಿಗುತ್ತವೆ. ಆದರೆ ಎಲ್ಲ ಕಂಪನಿಯದ್ದೂ, ಎಲ್ಲ ಗಾತ್ರದ್ದೂ ಅಲ್ಲ. ಒಂದೇ ಕಂಪನಿಯ ಟೋರ್ಟಿಯಾದಲ್ಲಿ ಒಂದು ಗಾತ್ರದ ಪೊಟ್ಟಣ ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. ಫಾರ್ಮುಲಾ ಆಯಾ ರಾಜ್ಯ ಒಪ್ಪಂದ ಮಾಡಿಕೊಂಡ ಕಂಪನಿಯದ್ದೇ ಆಗಬೇಕು. ತಪ್ಪು ಪೊಟ್ಟಣ ಕೌಂಟರಿಗೆ ಬಂದರೆ ಯಂತ್ರ ಒಪ್ಪುವುದಿಲ್ಲ. ಕ್ಯಾಷಿಯರ್ ಮ್ಯಾನೇಜರನ್ನು ಕೂಗುತ್ತಾರೆ, ಹಿಂದಿನ ಸಾಲು ಉದ್ದವಾಗುತ್ತದೆ, ಮಗು ಅಳಲು ಶುರು ಮಾಡುತ್ತದೆ. ಇಂಥ ಒಂದು ಸಂಜೆ ಸಾಕು, ಕಾರ್ಡು ಮತ್ತೆ ಪರ್ಸಿನಿಂದ ಹೊರಗೆ ಬರುವುದಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಫೋನಿನ ಆ್ಯಪ್‌ನಿಂದ ಪೊಟ್ಟಣದ ಮೇಲಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ನಡೆಯುತ್ತದೋ ಇಲ್ಲವೋ ಅಲ್ಲೇ ತೋರಿಸುತ್ತದೆ. ಅದನ್ನು ಅಂಗಡಿಯಲ್ಲಿ ಸಾಮಾನು ಜೋಡಿಸಿಟ್ಟ ಕಡೆಯೇ ನಿಂತು, ಅವರ ಕೈಯಿಂದಲೇ ಮಾಡಿಸಿ. ಎರಡನೇ ಸಲಕ್ಕೆ ನೀವು ಬೇಕಾಗುವುದಿಲ್ಲ.

ಹಣ್ಣು ತರಕಾರಿಗೆಂದು ಬೇರೆಯೇ ಮೊತ್ತ ಇರುತ್ತದೆ. ಈಚಿನ ವರ್ಷಗಳಲ್ಲಿ ಅದು ಪ್ರತಿ ಮಗುವಿಗೆ ತಿಂಗಳಿಗೆ 26 ಡಾಲರ್ ಆಸುಪಾಸು. ಬಸುರಿಯರಿಗೆ, ಹಾಲೂಡಿಸುವವರಿಗೆ ಅದಕ್ಕಿಂತ ಜಾಸ್ತಿ. ಆ ಅವಧಿಯಲ್ಲಿ ಖರ್ಚು ಮಾಡದಿದ್ದರೆ ಹೋಯಿತು, ಮುಂದಿನ ತಿಂಗಳಿಗೆ ಸೇರುವುದಿಲ್ಲ. ಅವಧಿ ಮುಗಿಯಲು ಒಂದು ವಾರ ಇರುವಾಗ ಒಂದು ಮೆಸೇಜ್ ಹಾಕುವುದು ಸಣ್ಣ ಕೆಲಸ, ಆದರೆ ಉಪಯೋಗ ದೊಡ್ಡದು.

ಹೆಜ್ಜೆ 4: ಮಕ್ಕಳ ಹೆಸರಿನಲ್ಲಿ ಸ್ನ್ಯಾಪ್

ಕಡಿಮೆ ಆದಾಯದವರಿಗೆ ದಿನಸಿ ಕೊಳ್ಳಲು ಸರ್ಕಾರ ತಿಂಗಳು ತಿಂಗಳು ಕಾರ್ಡಿಗೆ ಹಣ ಹಾಕುವ ಯೋಜನೆ ಇದು. ಹಿಂದೆ ಫುಡ್ ಸ್ಟ್ಯಾಂಪ್ ಎನ್ನುತ್ತಿದ್ದದ್ದೇ ಈಗ ಸ್ನ್ಯಾಪ್. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್. ಸ್ಪ್ಯಾನಿಷ್ ಮಾತಾಡುವವರು ಇಂದಿಗೂ ‘ಎಸ್ತಾಂಪಿಯಾಸ್’ ಅನ್ನುತ್ತಾರೆ.

ವಲಸೆ ಕಾಗದ ಇಲ್ಲದ ದೊಡ್ಡವರಿಗೆ ಇದು ಸಿಗುವುದಿಲ್ಲ. ಆದರೆ ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ನಾಗರಿಕರು. ಅವರಿಗೆ ಹಕ್ಕಿದೆ. ತಂದೆ ತಾಯಿ ತಮಗೆ ಬೇಡ, ಮಕ್ಕಳಿಗೆ ಮಾತ್ರ ಎಂದು ಅರ್ಜಿ ಹಾಕಬಹುದು. ಹಾಗೆ ಹಾಕುವಾಗ ದೊಡ್ಡವರು ತಮ್ಮ ಸೋಷಿಯಲ್ ಸೆಕ್ಯುರಿಟಿ ನಂಬರಾಗಲಿ ವಲಸೆಯ ವಿವರವಾಗಲಿ ಕೊಡಬೇಕಾಗಿಲ್ಲ. ಮನೆಯ ಆದಾಯ ಮಾತ್ರ ಹೇಳಬೇಕು. ಗ್ರೀನ್ ಕಾರ್ಡ್ ಇರುವ ಹೆಚ್ಚಿನ ದೊಡ್ಡವರಿಗೆ ಐದು ವರ್ಷ ಕಾಯುವ ನಿಯಮವಿದೆ. 18ರ ಒಳಗಿನ ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಪೋರ್ಟೊರಿಕೊದಿಂದ ಬಂದವರಂತೂ ಹುಟ್ಟಿನಿಂದಲೇ ಅಮೆರಿಕದ ನಾಗರಿಕರು, ಅವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. 2025ರ ಜುಲೈಯಲ್ಲಿ ಬಂದ ಕಾಯ್ದೆ ನಿರಾಶ್ರಿತರು, ಆಶ್ರಯ ಪಡೆದವರಂಥ ಕೆಲವು ಗುಂಪುಗಳನ್ನು ಸ್ನ್ಯಾಪ್‌ನಿಂದ ಹೊರಗಿಟ್ಟಿದೆ. ಆದ್ದರಿಂದ ಎರಡು ವರ್ಷದ ಹಿಂದಿನ ಕರಪತ್ರ ಹಿಡಿದು ಯಾರಿಗೂ ಮಾತು ಕೊಡಬೇಡಿ.

ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಡೆ. ಒಂದು, ಹೆಸರು. ಅವರಲ್ಲಿ ತಂದೆಯ ಕಡೆಯದು, ತಾಯಿಯ ಕಡೆಯದು ಎಂದು ಎರಡು ಮನೆತನದ ಹೆಸರು. ಸೋಫಿಯಾ ಹೆರ್ನಾಂದೆಸ್ ಲೋಪೆಸ್ ಎಂಬ ಮಗು ಜನನ ಪತ್ರದಲ್ಲಿ ಹೆರ್ನಾಂದೆಸ್ ಲೋಪೆಸ್, ಡಾಕ್ಟರ ಹತ್ತಿರ ಹೆರ್ನಾಂದೆಸ್, ಅರ್ಜಿಯಲ್ಲಿ ಲೋಪೆಸ್. ಕಂಪ್ಯೂಟರಿಗೆ ಮೂವರು ಮಕ್ಕಳು! ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲು ಬಿಡಿಸಲು ಒದ್ದಾಡಿದ ನಮ್ಮವರಿಗೆ ಇದರ ಕಾಟ ಗೊತ್ತು. ಜನನ ಪತ್ರದಲ್ಲಿ ಇದ್ದ ಹಾಗೇ ಎಲ್ಲ ಕಡೆ ಬರೆಯಿಸಿ.

ಎರಡು, ಫೋನು. ಅರ್ಜಿ ಹಾಕಿದ ಮೇಲೆ ಸಂದರ್ಶನಕ್ಕೆ ಫೋನ್ ಬರುತ್ತದೆ, ಹಲವು ಸಲ ಗುರುತಿಲ್ಲದ ನಂಬರಿನಿಂದ. ಹೆದರಿದ ಮನೆಯವರು ಎತ್ತುವುದಿಲ್ಲ. ಕೆಲಸದ ಮಧ್ಯೆ ಇರುವವರಿಗೆ ಎತ್ತಲು ಆಗುವುದಿಲ್ಲ. ಅರ್ಜಿ ತಿರಸ್ಕಾರ. ಸಂದರ್ಶನ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿ ಬರೆದುಕೊಡಿ, ಆ ಹೊತ್ತಿಗೆ ಅವರ ಪಕ್ಕದಲ್ಲಿ ಕೂತಿರಿ. ತಪ್ಪಿಹೋದರೆ ಅವತ್ತೇ ವಾಪಸ್ ಫೋನ್ ಮಾಡಿಸಿ. ದುಭಾಷಿ ಉಚಿತವಾಗಿ ಸಿಗಬೇಕು, ಅದು ಹಕ್ಕು. ಮಾಮೂಲಿ ಅರ್ಜಿಗೆ 30 ದಿನದೊಳಗೆ ಉತ್ತರ ಬರಬೇಕು. ಕೈಯಲ್ಲಿ ದುಡ್ಡೇ ಇಲ್ಲದ ಸ್ಥಿತಿಯಾದರೆ ತುರ್ತು ಅರ್ಜಿ ಇದೆ, ಅದಕ್ಕೆ 7 ದಿನ. ‘ತುರ್ತು’ ಎಂದು ಬಾಯಿಬಿಟ್ಟು ಕೇಳಬೇಕು.

ಕಾರ್ಡಿನ ದುಡ್ಡು ಕದಿಯುವ ಜಾಲವೂ ಇದೆ. ಕಾರ್ಡು ಉಜ್ಜುವ ಯಂತ್ರಕ್ಕೆ ಕಳ್ಳ ಸಾಧನ ಅಂಟಿಸಿರುತ್ತಾರೆ. ಕಳುವಾದ ಮೊತ್ತವನ್ನು ಕೇಂದ್ರ ಸರ್ಕಾರದ ಹಣದಿಂದ ತುಂಬಿಕೊಡುವುದು 2024ರ ಡಿಸೆಂಬರಿಗೆ ನಿಂತಿತು. ತಿಂಗಳಿಗೊಮ್ಮೆ, ದುಡ್ಡು ಜಮೆಯಾಗುವ ಹಿಂದಿನ ದಿನ ಪಿನ್ ಬದಲಿಸಲು ಹೇಳಿಕೊಡಿ.

ಹೆಜ್ಜೆ 5: ಭಯಕ್ಕೆ ಸುಳ್ಳು ಧೈರ್ಯ ಹೇಳಬೇಡಿ

‘ಕಾರ್ಗಾ ಪೂಬ್ಲಿಕಾ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಸರ್ಕಾರಿ ನೆರವು ಪಡೆದರೆ ಮುಂದೆ ಗ್ರೀನ್ ಕಾರ್ಡ್ ಸಿಗಲ್ಲ ಎಂಬ ಹೆದರಿಕೆ ಅದು. ಸುಮ್ನೆ ಹುಟ್ಟಿದ ಹೆದರಿಕೆಯಲ್ಲ. 2019ರಲ್ಲಿ ತಂದ ನಿಯಮ ಸ್ನ್ಯಾಪ್ ಅನ್ನೂ ಲೆಕ್ಕಕ್ಕೆ ಹಿಡಿದಿತ್ತು. 2021ರಲ್ಲಿ ಅದು ಹೋಯಿತು. 2022ರ ನಿಯಮ ಸ್ನ್ಯಾಪ್ ಅನ್ನು ಲೆಕ್ಕದಿಂದ ಹೊರಗಿಟ್ಟಿತು. 2025ರ ನವೆಂಬರಿನಲ್ಲಿ ಆ ನಿಯಮವನ್ನೂ ತೆಗೆಯುವ ಪ್ರಸ್ತಾವ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ಸ್ನ್ಯಾಪ್ ಪಡೆಯುವವರ ಮಾಹಿತಿ ಕೊಡಿ ಎಂದು ರಾಜ್ಯಗಳನ್ನು ಕೇಳಿತು, ಹಲವು ರಾಜ್ಯಗಳು ಕೋರ್ಟಿಗೆ ಹೋದವು. ವಿಕ್ ಮತ್ತು ಶಾಲೆಯ ಊಟ ಮಾತ್ರ 2019ರ ಕಠಿಣ ನಿಯಮದಲ್ಲೂ ಲೆಕ್ಕಕ್ಕೆ ಬರಲಿಲ್ಲ. ಅದಕ್ಕೇ ನಾನು ವಿಕ್ ಮೊದಲು ಎಂದದ್ದು.

ಹಾಗಾಗಿ ‘ಏನೂ ಆಗಲ್ಲ ಬಿಡಿ’ ಎನ್ನುವ ಅಧಿಕಾರ ನಮಗಿಲ್ಲ. ನಾವು ಒಳ್ಳೆ ಮನಸ್ಸಿನಿಂದ ಹೇಳಿದ ಒಂದು ಮಾತಿಗೆ ಬೆಲೆ ತೆರುವವರು ಅವರು. ಊರಿನ ಉಚಿತ ಕಾನೂನು ನೆರವು ಸಂಸ್ಥೆಯ ನಂಬರು ನಿಮ್ಮ ಹತ್ತಿರ ಇರಲಿ. ವಲಸೆ ವಕೀಲರು ಅಥವಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳ ಹತ್ತಿರವೇ ಕಳಿಸಿ. ಅಂಗಡಿ ಮುಂದೆ ‘ನೋಟಾರಿಯೋ’ ಎಂದು ಬೋರ್ಡು ಹಾಕಿಕೊಂಡವರು ಅಮೆರಿಕದಲ್ಲಿ ವಕೀಲರಲ್ಲ, ಅವರಿಗೆ ದುಡ್ಡು ಕೊಟ್ಟು ಮೋಸ ಹೋದವರು ತುಂಬಾ ಜನ. ಎಲ್ಲ ಕೇಳಿದ ಮೇಲೂ ಸ್ನ್ಯಾಪ್ ಬೇಡ ಎಂದರೆ ಒಪ್ಪಿಕೊಳ್ಳಿ. ಫುಡ್ ಪ್ಯಾಂಟ್ರಿಗಳಲ್ಲಿ ಸಾಮಾನ್ಯವಾಗಿ ವಲಸೆ ಕಾಗದ ಕೇಳುವುದಿಲ್ಲ, ಅದು ಇದ್ದೇ ಇದೆ.

ಹೆಜ್ಜೆ 6: ಚೀಲದಲ್ಲಿ ಅವರ ಅಡುಗೆಮನೆಯ ಸಾಮಾನಿರಲಿ

ಅರ್ಜಿಗೆ ಉತ್ತರ ಬರುವವರೆಗೆ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಕನ್ನಡ ಕೂಟದ ಸಂಗ್ರಹ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವ ದೇಶದವರು ಎಂಬುದಕ್ಕಿಂತ ‘ಮನೆಯಲ್ಲಿ ಏನು ಅಡುಗೆ ಮಾಡ್ತೀರಿ?’ ಎಂದು ಕೇಳಿ. ಮಾತು ತಾನಾಗೇ ಬೆಳೆಯುತ್ತದೆ.

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮನೆಗಳಿಗೆ ಮಾಸಾ ಹರೀನಾ ಬೇಕು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರುಬ್ಬಿ, ಒಣಗಿಸಿದ ಹಿಟ್ಟು ಅದು. ಸುಣ್ಣದಿಂದಾಗಿ ಹಿಟ್ಟು ಕೈಗೆ ಹಿಡಿತ ಕೊಡುತ್ತದೆ, ಕ್ಯಾಲ್ಸಿಯಂ ಸೇರುತ್ತದೆ, ಮೆಕ್ಕೆಜೋಳದೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಮೆಕ್ಕೆಜೋಳದ ಹಿಟ್ಟು ತಂದುಕೊಟ್ಟರೆ ಟೋರ್ಟಿಯಾ ತಟ್ಟಲು ಬರುವುದಿಲ್ಲ, ಒಡೆದುಹೋಗುತ್ತದೆ. ವೆನೆಜುವೆಲಾ, ಕೊಲಂಬಿಯಾದವರಿಗೆ ಬೇಕಾದದ್ದು ಇನ್ನೊಂದು: ಅರೇಪಾ ಎಂಬ ದಪ್ಪ ರೊಟ್ಟಿ ಮಾಡುವ, ಮೊದಲೇ ಬೇಯಿಸಿದ ಮೆಕ್ಕೆಜೋಳದ ಹಿಟ್ಟು. ನೋಡಲು ಎರಡೂ ಬಿಳಿ ಹಿಟ್ಟಿನ ಪೊಟ್ಟಣ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಕಾಳೂ ಹಾಗೆಯೇ. ಉತ್ತರ ಮೆಕ್ಸಿಕೋದವರಿಗೆ ಪಿಂಟೋ ಎಂಬ ಚುಕ್ಕೆ ಕಾಳು, ದಕ್ಷಿಣದವರಿಗೆ ಮತ್ತು ಕ್ಯೂಬಾದವರಿಗೆ ಕಪ್ಪು ಕಾಳು, ಎಲ್ ಸಾಲ್ವಡಾರಿನವರಿಗೆ ಸಣ್ಣ ಕೆಂಪು ಕಾಳು. ಪೋರ್ಟೊರಿಕೊ, ಡೊಮಿನಿಕನ್ ಮನೆಗಳಲ್ಲಿ ಹಬ್ಬಕ್ಕೆ ಅನ್ನದ ಜೊತೆ ಬೇಯಿಸುವ ‘ಗಾಂದೂಲೆಸ್’ ಬೇರೇನಲ್ಲ, ನಮ್ಮ ತೊಗರಿ. ಕಲಬುರಗಿಯವರು ಕಣ್ಣು ಮುಚ್ಚಿ ಗುರುತಿಸಬಲ್ಲ ಕಾಳು. ಅವರು ಹಸಿ ಕಾಳನ್ನೇ ಇಷ್ಟಪಡುತ್ತಾರೆ, ಬೇಳೆ ಮಾಡಿದ್ದನ್ನಲ್ಲ. ಅಕ್ಕಿ, ಎಣ್ಣೆ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆ, ಬಾಳೆಕಾಯಿ ಸೇರಿಸಿ. ಸಸ್ಯಾಹಾರಿ ಮನೆಯವರೂ ಯಾವ ಮುಜುಗರವಿಲ್ಲದೆ ಈ ಚೀಲ ತುಂಬಬಹುದು.

ಡೈಪರ್ ಮರೆಯಬೇಡಿ. ವಿಕ್‌ನಲ್ಲೂ ಸಿಗುವುದಿಲ್ಲ, ಸ್ನ್ಯಾಪ್‌ನಲ್ಲೂ ಸಿಗುವುದಿಲ್ಲ. ಒಂದು ದೊಡ್ಡ ಡೈಪರ್ ಪೊಟ್ಟಣ ಕೊಟ್ಟರೆ ಅಷ್ಟು ನಗದು ಊಟಕ್ಕೆ ಉಳಿಯುತ್ತದೆ. ಫಾರ್ಮುಲಾ ಕೊಡುವುದಾದರೆ ಡಬ್ಬಿಯ ಮೇಲಿನ ತಾರೀಕು ನೋಡಿ, ದಾಟಿದ್ದರೆ ಕೊಡಲೇಬೇಡಿ. ಒಂದು ವರ್ಷದೊಳಗಿನ ಕೂಸಿರುವ ಮನೆಗೆ ಜೇನುತುಪ್ಪ ಬೇಡ, ಇಡೀ ಕಡಲೆಬೀಜದಂಥ ಗಟ್ಟಿ ಕಾಳು ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಮನೆಯಿಂದ ಹೊರಗೆ ಬರಲು ಹೆದರುವವರಿಗೆ ಚೀಲವನ್ನು ಮನೆಗೇ ತಲುಪಿಸಿ. ಫೋಟೋ ಮಾತ್ರ ಬೇಡ. ಚೀಲ ಹಿಡಿದ ತಾಯಿಯ ಫೋಟೋ ವಾಟ್ಸಾಪ್ ಗುಂಪಿಗೆ ಹೋಗಬಾರದು, ಮುಖ ಮಸುಕು ಮಾಡಿದ್ದೂ ಹೋಗಬಾರದು. ಹೆಸರು ವಿಳಾಸದ ಪಟ್ಟಿ ಎಲ್ಲರೂ ತೆರೆಯಬಹುದಾದ ಹಾಳೆಯಲ್ಲಿ ಇರಬಾರದು.

ಹೆಜ್ಜೆ 7: ಶಾಲೆ, ಶಿಶುವಿಹಾರ, ಬೇಸಿಗೆ

ಶಾಲೆಗೆ ಹೋಗುವ ಅಣ್ಣ ಅಕ್ಕ ಇದ್ದರೆ ಉಚಿತ ಊಟದ ಅರ್ಜಿ ಹಾಕಿಸಿ. ವಲಸೆ ಪ್ರಶ್ನೆ ಇರುವುದಿಲ್ಲ. ಫಾರಮ್ಮಿನಲ್ಲಿ ಒಬ್ಬ ದೊಡ್ಡವರ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿರುತ್ತಾರೆ. ಪಕ್ಕದಲ್ಲೇ ‘ನಂಬರು ಇಲ್ಲ’ ಎಂಬ ಚೌಕ ಇರುತ್ತದೆ. ಅದಕ್ಕೆ ಗುರುತು ಹಾಕಿದರೆ ಸಾಕು. ಆ ಚೌಕ ಕಾಣದೆ ಫಾರಂ ಮಡಿಚಿಟ್ಟವರಿಗೆ ಬೆರಳಿಟ್ಟು ತೋರಿಸಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ.

ಚಿಕ್ಕವರಿಗೆ ಸರ್ಕಾರದ ಹಣದಲ್ಲಿ ನಡೆಯುವ ಹೆಡ್ ಸ್ಟಾರ್ಟ್ ಶಿಶುವಿಹಾರ ಒಳ್ಳೆಯದು. 1965ರಿಂದ ನಡೆಯುತ್ತಿದೆ, ಊಟವೂ ಅಲ್ಲೇ. ಹೊಲದ ಕೆಲಸದವರ ಮಕ್ಕಳಿಗೆಂದೇ ಬೇರೆ ಕೇಂದ್ರಗಳಿವೆ. 2025ರಲ್ಲಿ ವಲಸೆಗೆ ಸಂಬಂಧಿಸಿ ಹೊಸ ನಿರ್ಬಂಧ ಘೋಷಿಸಿದ್ದು ಕೋರ್ಟಿನ ಮೆಟ್ಟಿಲು ಹತ್ತಿದೆ, ಸೇರಿಸುವ ಮೊದಲು ಆ ಶಿಶುವಿಹಾರದವರನ್ನೇ ಕೇಳಿ.

ಬೇಸಿಗೆ ರಜೆಯಲ್ಲಿ ಶಾಲೆಯ ಊಟ ನಿಲ್ಲುತ್ತದೆ. ಆಗ ಪಾರ್ಕು, ಲೈಬ್ರರಿ, ಶಾಲೆಗಳಲ್ಲಿ 18 ವರ್ಷದವರೆಗಿನ ಯಾವ ಮಗುವಿಗೂ ಉಚಿತ ಊಟ ಕೊಡುವ ಜಾಗಗಳಿರುತ್ತವೆ. ಬಹುತೇಕ ಕಡೆ ಫಾರಂ ಇಲ್ಲ, ಹೆಸರೂ ಬೇಡ. ಶಾಲೆ ಮೆಟ್ಟಿಲು ಹತ್ತದ ತಮ್ಮ ತಂಗಿಯರೂ ಅಲ್ಲಿ ಕೂತು ಉಣ್ಣಬಹುದು, ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇರುವುದಿಲ್ಲ. ಇದಲ್ಲದೆ 2024ರಿಂದ, ಯೋಜನೆಗೆ ಸೇರಿದ ರಾಜ್ಯಗಳಲ್ಲಿ, ಅರ್ಹ ಶಾಲಾ ಮಕ್ಕಳಿಗೆ ಬೇಸಿಗೆಗೆ ತಲಾ 120 ಡಾಲರ್ ದಿನಸಿ ಹಣ ಕಾರ್ಡಿಗೆ ಬರುತ್ತದೆ.

ಹೆಜ್ಜೆ 8: ಐದನೇ ಹುಟ್ಟುಹಬ್ಬದ ತಾರೀಕು ಬರೆದಿಟ್ಟುಕೊಳ್ಳಿ

ಮಗುವಿಗೆ ಐದು ತುಂಬಿತೆಂದರೆ ವಿಕ್ ನಿಲ್ಲುತ್ತದೆ. ಹುಟ್ಟುಹಬ್ಬ ಅಕ್ಟೋಬರಿನಲ್ಲಿ, ಕಿಂಡರ್‌ಗಾರ್ಟನ್ ಶುರುವಾಗುವುದು ಮುಂದಿನ ಆಗಸ್ಟಿನಲ್ಲಿ ಎಂದಾದರೆ ನಡುವೆ ಹತ್ತು ತಿಂಗಳು ಹಾಲೂ ಇಲ್ಲ, ಶಾಲೆಯ ಊಟವೂ ಇಲ್ಲ. ಈ ಸಂದಿಯಲ್ಲಿ ಮಕ್ಕಳು ಸದ್ದಿಲ್ಲದೆ ಜಾರಿಹೋಗುತ್ತಾರೆ. ನೀವು ಜೊತೆಗಿರುವ ಪ್ರತಿ ಮನೆಯ ಪುಟ್ಟವರ ಹುಟ್ಟಿದ ದಿನ ನಿಮ್ಮ ಕ್ಯಾಲೆಂಡರಿನಲ್ಲಿರಲಿ. ಎರಡು ತಿಂಗಳು ಮುಂಚೆ ಫೋನ್ ಮಾಡಿ. ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷದವರ ತರಗತಿ ಇದೆಯೇ, ಊಟ ಕೊಡುವ ಶಿಶುವಿಹಾರದಲ್ಲಿ ಜಾಗ ಇದೆಯೇ ವಿಚಾರಿಸಿ. ಸ್ನ್ಯಾಪ್ ನವೀಕರಣದ ಪತ್ರ ಬಂದಿದೆಯೇ ನೋಡಿ, ಮನೆ ಬದಲಿಸಿದ್ದರೆ ಅದು ಹಳೇ ವಿಳಾಸಕ್ಕೆ ಹೋಗಿರುತ್ತದೆ. ಶಾಲೆಗೆ ಸೇರಿಸುವ ದಿನ ಲಸಿಕೆಯ ಚೀಟಿ, ಜನನ ಪತ್ರ, ವಿಳಾಸದ ಬಿಲ್ಲು ಒಂದೇ ಕವರಿನಲ್ಲಿ ಹಾಕಿಕೊಡಿ, ಊಟದ ಫಾರಮ್ಮನ್ನು ಅವತ್ತೇ, ಅದೇ ಕೌಂಟರಿನಲ್ಲಿ ತುಂಬಿಸಿ ಬನ್ನಿ.